ರೋಗಿಯಾದ ಮಗುವಿನ ಮಂಚದ ಬಳಿಯಲ್ಲಿ ಹಾಡುವದು

ರೋಗಿಗಳನ್ನು ನೋಡಲಿಕ್ಕೆ ಹೋಗುವದು ನಮ್ಮ ಕರ್ತನು ತನ್ನವರಿಗೆ ನೇಮಿಸಿದ ಕೆಲಸಗಳಲ್ಲಿ ಒಂದೆಂಬದನ್ನು ನಾವೆಲ್ಲರೂ ಬಲ್ಲೆವು. ಕಡೇ ದಿವಸದಲ್ಲಿ ಆತನು ಕೇಳುವ ಲೆಕ್ಕದಲ್ಲಿ ಅದೂ ಸೇರಿರುತ್ತದೆ. ನಮ್ಮ ಹಳ್ಳಿಯ ಸಭೆಗಳಲ್ಲಿ ಒಬ್ಬನು ಹಾಸಿಗೆ ಹಿಡಿದನೆಂದು ಕೇಳಿದ ಕೂಡಲೆ ನಾಲ್ಕು ಮಂದಿ ಕೂಡಿ ಅವನ ಮನೆಗೆ ಹೋಗಿ, ಒಂದು ಅಧ್ಯಾಯ ಓದಿ, ಒಂದು ಸಂಗೀತ ಹಾಡಿ, ಪ್ರಾರ್ಥನೆ ಮಾಡಿ ಬರುವ ವಾಡಿಕೆಯು ನಮ್ಮ ಹಿರಿಯರ ಕಾಲದಿಂದ ನಡೆದು ಬಂದಿದೆ. ಇದು ಒಳ್ಳೇ ವಾಡಿಕೆ. ಆದರೆ ಹಾಸಿಗೆಯಲ್ಲಿ ಮಲಗಿರುವದು ಒಂದು ಚಿಕ್ಕ ಮಗುವಾಗಿದ್ದು, ಆ ಹಾಸಿಗೆಯು ಮನೆಯಲ್ಲಿರದೆ ದೂರದ ಪಟ್ಟಣದ ಆಸ್ಪತ್ರೆಯಲ್ಲಿದ್ದು, ಆ ಮಗುವು ಬದುಕುವದೋ ಇಲ್ಲವೋ ಎಂದು ವೈದ್ಯರೇ ಹೇಳಲಾರದೆ ಇರುವಾಗ, ಅಲ್ಲಿ ಹಾಡಬಹುದೋ? ಹಾಡಿದರೆ ಯಾವ ಹಾಡು? ಯಾರ ಬಾಯಿಂದ? ಯಾರ ಸಲುವಾಗಿ? ಈ ಪ್ರಶ್ನೆಯು ಸಣ್ಣದೆಂದು ಕೆಲವರಿಗೆ ಕಂಡೀತು. ನನಗೂ ಮೊದಲು ಹಾಗೆಯೇ ಕಂಡಿತ್ತು. ನಾನು ಮಾಡಿದ ಒಂದು ತಪ್ಪೇ ಇದನ್ನು ನನ್ನ ಕಣ್ಣಿಗೆ ದೊಡ್ಡದಾಗಿ ಮಾಡಿತು. ಆದಕಾರಣ ಆ ತಪ್ಪನ್ನು ಮುಚ್ಚಿಡದೆ ಮೊದಲು ಹೇಳುತ್ತೇನೆ.

ಕೆಲವು ವರುಷಗಳ ಹಿಂದೆ ನಮ್ಮ ಸಭೆಯ ಒಂದು ಮನೆಯಲ್ಲಿ ಆರು ವರುಷದ ಹುಡುಗನಿಗೆ ಜ್ವರ ಬಂತು. ಎರಡನೇ ದಿವಸ ಅವನ ಕುತ್ತಿಗೆಯು ಸೆಟೆದುಕೊಂಡಿತು, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುವನು, ಮಾತು ತಪ್ಪತೊಡಗಿತು. ಪಟ್ಟಣದ ಆಸ್ಪತ್ರೆಗೆ ಒಯ್ದಾಗ ವೈದ್ಯರು ಪರೀಕ್ಷಿಸಿ, ಮಿದುಳನ್ನು ಸುತ್ತಿಕೊಂಡಿರುವ ಪೊರೆಗೆ ಕ್ರಿಮಿಗಳು ತಗಲಿ ಅದು ಊದಿಕೊಂಡಿದೆ ಎಂದು ಹೇಳಿ, ಸೂಜಿಯ ಮೂಲಕ ರಕ್ತದೊಳಗೆ ಔಷಧವನ್ನು ಇಳಿಸಲಾರಂಭಿಸಿದರು. ಭಾನುವಾರದ ಆರಾಧನೆ ತೀರಿದ ಮೇಲೆ ನಾವು ಆರು ಮಂದಿ ಬಸ್ಸು ಹತ್ತಿ ಹೋದೆವು. ತಾಳವನ್ನೂ ದಮ್ಮಡಿಯನ್ನೂ ಸಂಗಡ ಒಯ್ದೆವು. ಒಬ್ಬಿಬ್ಬರಿಗೆ ಮಾತ್ರ ಒಳಗೆ ಬರಲು ಅಪ್ಪಣೆಯಿದ್ದರೂ ಬಾಗಿಲಲ್ಲಿದ್ದವನನ್ನು ಬಹಳವಾಗಿ ಬೇಡಿಕೊಂಡು ಎಲ್ಲರೂ ಹೊಕ್ಕೆವು. ಮಂಚದ ಸುತ್ತಲೂ ನಿಂತು, ನಮ್ಮ ಪ್ರಾರ್ಥನಾಲಯದಲ್ಲಿ ಹಾಡುವ ಹಾಗೆಯೇ ಸ್ವರವೆತ್ತಿ ಹಾಡಿದೆವು. ನಮ್ಮ ಮನಸ್ಸಿನಲ್ಲಿ ಆ ಮಗುವಿನ ಮೇಲೆ ಪ್ರೀತಿಯಿತ್ತೆಂಬದು ನಿಜ. ಆದರೆ ಆ ವಾರ್ಡಿನಲ್ಲಿದ್ದ ಮಿಕ್ಕ ಜನರು ನಮ್ಮ ವಿಶ್ವಾಸವನ್ನು ನೋಡಲಿ ಎಂಬ ಆಶೆಯೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಎರಡನೇ ಚರಣವು ಮುಗಿಯುವ ಮೊದಲೇ ಹುಡುಗನು ಸೂಜಿ ಚುಚ್ಚಿದ ಕೈಯನ್ನು ಎಳೆದುಕೊಂಡು ಕಿವಿಯ ಮೇಲೆ ಇಟ್ಟು ಕಿರಿಚಿದನು. ದಾದಿಯು ಓಡಿಬಂದಳು. “ಅಯ್ಯನವರೇ, ದಯಮಾಡಿ ನಿಲ್ಲಿಸಿರಿ. ಈ ರೋಗದಲ್ಲಿ ಸಣ್ಣ ಸಪ್ಪಳವಾದರೂ ತಲೆಯೊಳಗೆ ಸುತ್ತಿಗೆಯಿಂದ ಹೊಡೆದ ಹಾಗಾಗುತ್ತದೆ,” ಎಂದಳು. ನಾವು ನಾಚಿಕೆಯಿಂದ ಹಿಂದಕ್ಕೆ ಸರಿದೆವು. ಆಗ ಹುಡುಗನ ತಾಯಿಯ ತಾಯಿ ಮಂಚದ ಬಳಿಗೆ ಬಂದಳು. ಆಕೆಯು ದೀಕ್ಷಾಸ್ನಾನ ಹೊಂದಿದವಳಲ್ಲ; ಮಗಳೂ ಅಳಿಯನೂ ಸಭೆಗೆ ಸೇರಿದ ಮೇಲೆಯೂ ತನ್ನ ಹಳೇ ಮನೆಯಲ್ಲಿ ಹಳೇ ನಡತೆಯಲ್ಲಿಯೇ ಇದ್ದವಳು. ಆಕೆಯು ದೀಪಕ್ಕೆ ಬೆನ್ನು ಮಾಡಿ ಕುಳಿತು, ತನ್ನ ಸೆರಗಿನಿಂದ ಮೊಮ್ಮಗನ ಕಣ್ಣಿಗೆ ನೆರಳು ಕೊಟ್ಟು, ಬೀಸುವ ಕಲ್ಲಿನ ಮುಂದೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡುವಂಥ ಒಂದು ಹಳೇ ಜೋಗುಳವನ್ನು, ಮಾತುಗಳು ತಿಳಿಯದಷ್ಟು ಮೆಲ್ಲಗೆ ಗುನುಗಿದಳು. ಸ್ವಲ್ಪ ಹೊತ್ತಿನ ಮೇಲೆ ಹುಡುಗನು ಮುಷ್ಟಿ ಸಡಿಲಿಸಿ, ದಾದಿಯು ಸೂಜಿಯನ್ನು ಸರಿಪಡಿಸುವಂತೆ ಕೈಯನ್ನು ಬಿಟ್ಟುಕೊಟ್ಟನು.

ಹಿಂದಿರುಗುವಾಗ ನಮ್ಮಲ್ಲಿದ್ದ ಒಬ್ಬ ಹಿರಿಯರು ಬಹಳ ನೊಂದುಕೊಂಡು, “ದೇವರ ಸಂಗೀತವನ್ನು ನಿಲ್ಲಿಸಿ ಲೋಕದ ಹಾಡಿಗೆ ಎಡೆಕೊಟ್ಟೆವಲ್ಲಾ! ಇದು ಸರಿಯೋ, ಅಯ್ಯನವರೇ?” ಎಂದು ನನ್ನನ್ನು ಕೇಳಿದರು. ಆ ದಿವಸ ನನ್ನಲ್ಲಿ ಉತ್ತರವಿರಲಿಲ್ಲ. ಆ ಮೇಲೆ ಸತ್ಯವೇದವನ್ನು ಶೋಧಿಸಿ, ವೈದ್ಯಶಾಸ್ತ್ರವನ್ನು ಬಲ್ಲವರು ಬರೆದದ್ದನ್ನು ಓದಿ, ನಾನು ಕಂಡುಕೊಂಡದ್ದನ್ನು ಈಗ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಶಾಸ್ತ್ರವನ್ನು ನೋಡೋಣ. ರೋಗಿಯ ಮುಂದೆ ಬಾರಿಸುವ ವಿಷಯ ಬಂದಾಗ ನಮ್ಮೆಲ್ಲರ ನೆನಪಿಗೆ ಬರುವವನು ದಾವೀದನು. ಅರಸನಾದ ಸೌಲನು ಮನಸ್ಸಿನ ಪೀಡೆಯಿಂದ ತಲ್ಲಣಿಸುವಾಗ ಆ ಕುರಿ ಕಾಯುವ ಹುಡುಗನು ಕಿನ್ನರಿಯನ್ನು ಬಾರಿಸುವನು, ಸೌಲನಿಗೆ ಉಪಶಮನವಾಗುವದು. ಇದನ್ನು ನಾವು ಬಹಳ ಸಾರಿ ಹೇಳುತ್ತೇವೆ. ಆದರೆ ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಮುಂದಿನ ಅಧ್ಯಾಯಗಳನ್ನು ಓದಿದರೆ, ಅದೇ ದಾವೀದನು ಅದೇ ಅರಸನ ಮುಂದೆ ಕಿನ್ನರಿ ಬಾರಿಸುತ್ತಿರುವಾಗಲೇ ಸೌಲನು ಈಟಿಯನ್ನು ಎಸೆದು ಅವನನ್ನು ಗೋಡೆಗೆ ನಾಟಬೇಕೆಂದಿದ್ದನೆಂಬದು ತಿಳಿಯುತ್ತದೆ. ಬಾರಿಸಿದವನೂ ಕೇಳಿದವನೂ ಅವರೇ ಆಗಿದ್ದರು, ಫಲವು ಮಾತ್ರ ಬೇರೆಯಾಯಿತು. ಹಾಗಾದರೆ ಸಂಗೀತವು ಮಂತ್ರವಲ್ಲ. ಅದನ್ನು ಉಚ್ಚರಿಸಿದ ಮಾತ್ರಕ್ಕೆ ಶಾಂತಿಯು ತಾನಾಗಿ ಬರುವದಿಲ್ಲ. ಮಂತ್ರಗಳನ್ನು ಬಿಟ್ಟು ಬಂದವರಾದ ನಾವು ನಮ್ಮ ಸಂಗೀತಗಳನ್ನೇ ಮಂತ್ರಗಳನ್ನಾಗಿ ಮಾಡಿಕೊಳ್ಳದ ಹಾಗೆ ನೋಡಿಕೊಳ್ಳಬೇಕು.

ಜ್ಞಾನೋಕ್ತಿಗಳನ್ನು ಬರೆದವನು ಮನಗುಂದಿದವನ ಮುಂದೆ ಹಾಡುವವನನ್ನು, ಚಳಿಯ ದಿವಸದಲ್ಲಿ ಮತ್ತೊಬ್ಬನ ಹೊದಿಕೆಯನ್ನು ತೆಗೆಯುವವನಿಗೆ ಹೋಲಿಸಿದ್ದಾನೆ. ಈ ಮಾತು ನನಗೆ ಎಷ್ಟು ಸರಿಯಾಗಿ ನಾಟಿತೆಂಬದನ್ನು ನೀವು ಊಹಿಸಬಹುದು. ಹೊದಿಕೆಯನ್ನು ತೆಗೆಯುವವನು ಕೆಟ್ಟವನೇ ಆಗಿರಬೇಕೆಂದಿಲ್ಲ. ತನಗೆ ಸೆಕೆಯಾದದರಿಂದ ಮಿಕ್ಕವರಿಗೂ ಸೆಕೆಯಾಗಿದೆ ಎಂದು ಅವನು ಎಣಿಸಿದ್ದಾನೆ, ಅಷ್ಟೇ.

ಇನ್ನು ಯಾಯೀರನ ಮನೆಗೆ ಹೋಗೋಣ. ಹನ್ನೆರಡು ವರುಷದ ಮಗಳು ತೀರಿಹೋಗಿದ್ದಾಳೆ. ಆ ಕಾಲದ ಯೆಹೂದ್ಯರ ಪದ್ಧತಿಯಂತೆ ಕೊಳಲೂದುವವರು ಬಂದಿದ್ದಾರೆ, ಮನೆಯೆಲ್ಲಾ ಗದ್ದಲ. ಕರ್ತನು ಅವರನ್ನೆಲ್ಲಾ ಹೊರಗೆ ಕಳುಹಿಸಿ, ತಂದೆತಾಯಿಗಳನ್ನೂ ಮೂವರು ಶಿಷ್ಯರನ್ನೂ ಮಾತ್ರ ಸಂಗಡ ಕರೆದುಕೊಂಡು, ಹುಡುಗಿಯ ಕೈಯನ್ನು ಹಿಡಿಯುತ್ತಾನೆ. ಆಕೆಯು ಎದ್ದ ಮೇಲೆ ತಿನ್ನಲಿಕ್ಕೆ ಕೊಡಿರೆಂದು ಅಪ್ಪಣೆ ಮಾಡುತ್ತಾನೆ. ಆತನು ಸಂಗೀತವನ್ನು ದ್ವೇಷಿಸಿದನೆಂದು ಇದರಿಂದ ಹೇಳಕೂಡದು. ಯಾಕಂದರೆ ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ ಆತನು ಶಿಷ್ಯರ ಸಂಗಡ ಕೀರ್ತನೆ ಹಾಡಿಯೇ ಎಣ್ಣೇಮರಗಳ ಗುಡ್ಡಕ್ಕೆ ಹೋದನು. ಆದರೆ ಮಗುವಿನ ಮಂಚದ ಬಳಿಯಲ್ಲಿ ಜನರ ವಾಡಿಕೆಗಾಗಿ ಎದ್ದ ನಾದಕ್ಕೆ ಆತನು ಎಡೆಕೊಡಲಿಲ್ಲ. ಆ ದಿವಸ ಆ ಆಸ್ಪತ್ರೆಯಲ್ಲಿ ಆತನು ಕಣ್ಣಿಗೆ ಕಾಣುವ ಹಾಗೆ ಬಂದಿದ್ದರೆ, ನಮ್ಮನ್ನು ಹೊರಗೆ ಕಳುಹಿಸಿ ಆ ಅಜ್ಜಿಯನ್ನು ಒಳಗೆ ಇರಗೊಡುತ್ತಿದ್ದನೆಂದೇ ನನಗೆ ತೋರುತ್ತದೆ.

ಇನ್ನು ವೈದ್ಯಶಾಸ್ತ್ರದವರು ಏನು ಕಂಡಿದ್ದಾರೆ? ಲಂಡನ್ ಪಟ್ಟಣದ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಎಂಬ ಬೀದಿಯಲ್ಲಿ 1852ರಲ್ಲಿ ಹತ್ತು ಮಂಚಗಳಿಂದ ಆರಂಭವಾದ ಮಕ್ಕಳ ಆಸ್ಪತ್ರೆಯೊಂದಿದೆ. ಅಲ್ಲಿ ನಾಲ್ಕು ವರುಷ ಮೀರದ 37 ಮಂದಿ ರೋಗಿ ಮಕ್ಕಳ ಬಳಿಯಲ್ಲಿ ಒಬ್ಬ ಗಾಯಕನು ಕುಳಿತು ಮೆಲ್ಲಗೆ ಜೋಗುಳಗಳನ್ನು ಹಾಡಿದನು. ಮತ್ತೊಂದು ಹೊತ್ತಿನಲ್ಲಿ ಅದೇ ಮಕ್ಕಳಿಗೆ ಕಥೆ ಓದಿದರು. ಇನ್ನೊಂದು ಹೊತ್ತಿನಲ್ಲಿ ಸುಮ್ಮನೆ ಬಿಟ್ಟರು. ಹಾಡು ಕೇಳಿದಾಗ ಮಕ್ಕಳ ಹೃದಯದ ಬಡಿತವು ನಿಧಾನವಾಗಿ, ನೋವಿನ ಚಿಹ್ನೆಗಳು ಕಡಿಮೆಯಾದವೆಂದು 2015ರಲ್ಲಿ ಮುದ್ರಿತವಾದ ಅವರ ಲೇಖನವು ಹೇಳುತ್ತದೆ. ಕೆನಡಾ ದೇಶದ ಎಡ್ಮಂಟನ್ ಪಟ್ಟಣದಲ್ಲಿ 3ರಿಂದ 11 ವರುಷದ 42 ಮಕ್ಕಳಿಗೆ ರಕ್ತನಾಳದಲ್ಲಿ ಸೂಜಿ ಇಡುವ ಸಮಯದಲ್ಲಿ ಕೆಲವರಿಗೆ ಸಂಗೀತವನ್ನು ಕೇಳಿಸಿದರು, ಕೆಲವರಿಗೆ ಕೇಳಿಸಲಿಲ್ಲ. ಕೇಳದವರ ನೋವು ಹೆಚ್ಚಿತು. ಕೇಳಿದವರದು ಇದ್ದಷ್ಟೇ ಇತ್ತು. ಸೂಜಿ ಇಡುವವರಿಗೂ ಕೆಲಸವು ಸುಲಭವಾಯಿತು. ಇದು 2013ರಲ್ಲಿ ಪ್ರಕಟವಾಯಿತು.

ಅದೇ ವರುಷದಲ್ಲಿ ಅಮೇರಿಕಾ ದೇಶದ 11 ಆಸ್ಪತ್ರೆಗಳ ವರದಿಯೂ ಬಂತು. ಅಲ್ಲಿ ದಿನ ತುಂಬದೆ ಹುಟ್ಟಿದ 272 ಕೂಸುಗಳ ಬಳಿಯಲ್ಲಿ ಹಾಡಿಯೂ ಬಾರಿಸಿಯೂ ನೋಡಿದರು. ಹೃದಯದ ಬಡಿತವು ಶಾಂತವಾದದ್ದು ಮಾತ್ರವಲ್ಲ. ತಂದೆತಾಯಿಗಳು ತಾವೇ ಆರಿಸಿಕೊಂಡ, ತಮ್ಮ ಮನೆಯಲ್ಲಿ ಬಳಕೆಯಲ್ಲಿದ್ದ ಹಾಡನ್ನು ಹಾಡಿದಾಗ ಕೂಸುಗಳು ಹೆಚ್ಚಾಗಿ ಚೀಪಿ ಹಾಲು ಕುಡಿದವು. ಇದಲ್ಲದೆ ಹಾಡಿನಿಂದ ತಂದೆತಾಯಿಗಳ ಭಯವೂ ಕಡಿಮೆಯಾಯಿತು. ಇದಕ್ಕೆ ಕಾರಣವನ್ನು ತಿಳಿಯುವದು ಕಷ್ಟವಲ್ಲ. ಭಯವು ಹೃದಯವನ್ನು ಓಡಿಸುತ್ತದೆ, ಉಸಿರನ್ನು ಗಿಡ್ಡವಾಗಿ ಮಾಡುತ್ತದೆ, ನೋವನ್ನು ಹೆಚ್ಚಿಸುತ್ತದೆ. ಗೊತ್ತಿರುವ ಸ್ವರವೊಂದು ಒಂದೇ ಅಳತೆಯಲ್ಲಿ ತಿರುತಿರುಗಿ ಬರುವಾಗ, ಮುಂದೇನು ಬರುವದೆಂದು ಮಗುವಿಗೆ ತಿಳಿದಿರುತ್ತದೆ. ಏನೂ ತಿಳಿಯದ ಆ ಸ್ಥಳದಲ್ಲಿ ಅದೊಂದು ಮಾತ್ರ ತಿಳಿದದ್ದು. ಕೂಸು ಗರ್ಭದಲ್ಲಿರುವಾಗಲೇ, ಆರನೇ ಏಳನೇ ತಿಂಗಳಿನಿಂದ, ತಾಯಿಯ ಸ್ವರವನ್ನು ಕೇಳುತ್ತದೆ. ಲೋಕದ ಬೆಳಕನ್ನು ನೋಡುವ ಮೊದಲೇ ಅದಕ್ಕೆ ಪರಿಚಯವಾದ ಸ್ವರ ಅದೇ.

ಆದರೆ ಸ್ವರವು ಗಾಯವನ್ನೂ ಮಾಡುತ್ತದೆ. ದಾದಿಯರ ಕೆಲಸಕ್ಕೆ ಹೊಸ ಮಾರ್ಗವನ್ನು ಹಾಕಿದ ಫ್ಲಾರೆನ್ಸ್ ನೈಟಿಂಗೇಲಳು 1859ರಲ್ಲಿ ಬರೆದ ಪುಸ್ತಕದಲ್ಲಿ, ರೋಗಿಯ ಬಳಿಯಲ್ಲಿ ಬೇಡವಾದ ಸಪ್ಪಳ ಮಾಡುವದನ್ನು ದೊಡ್ಡ ಕ್ರೂರತನವೆಂದು ಎಣಿಸಿದ್ದಾಳೆ. ಮನುಷ್ಯನ ಸ್ವರದಂತೆ ಎಡೆಬಿಡದೆ ಹರಿಯುವ ನಾದವು ರೋಗಿಗೆ ಹಿತವಾದದ್ದೆಂದೂ ತುಂಡುತುಂಡಾಗಿ ಬಡಿಯುವ ನಾದವು ಹಿತವಲ್ಲವೆಂದೂ ಆಕೆ ತಿಳಿಸಿದಳು. ನಮ್ಮ ದಮ್ಮಡಿಯು ಎರಡನೇ ಜಾತಿಗೆ ಸೇರಿದ್ದೆಂದು ಹೇಳಬೇಕಾಗಿಲ್ಲ. ಅಮೇರಿಕಾದ ಮಕ್ಕಳ ವೈದ್ಯರ ಸಂಘದವರು 1997ರಲ್ಲಿ, ಹಸುಗೂಸುಗಳನ್ನು ಇಡುವ ಕೋಣೆಯಲ್ಲಿ ಸಪ್ಪಳವು 45 ಡೆಸಿಬೆಲ್ ಎಂಬ ಅಳತೆಯನ್ನು ಮೀರುವದು ಒಳ್ಳೇದಲ್ಲವೆಂದು ತಿಳಿಸಿದರು. ಅದು ಒಬ್ಬರು ಮೆಲ್ಲಗೆ ಮಾತಾಡುವ ಸಪ್ಪಳಕ್ಕಿಂತ ಹೆಚ್ಚಲ್ಲ. ಇದಲ್ಲದೆ ಸಂಗೀತದ ಫಲಕ್ಕೆ ಮಿತಿಯೂ ಉಂಟು. ನಾರ್ವೆ ಮೊದಲಾದ ಐದು ದೇಶಗಳಲ್ಲಿ ದಿನ ತುಂಬದ ಕೂಸುಗಳಿಗೆ ತಂದೆತಾಯಿಗಳಿಂದ ಹಾಡಿಸಿ ನೋಡಿದವರು, ಅದರಿಂದ ತಾಯಿಮಕ್ಕಳ ಅನ್ಯೋನ್ಯತೆಯು ಮಿಕ್ಕವರಿಗಿಂತ ಹೆಚ್ಚಿದ್ದು ಕಾಣಲಿಲ್ಲವೆಂದು 2022ರಲ್ಲಿ ಯಥಾರ್ಥವಾಗಿ ಬರೆದಿದ್ದಾರೆ. ಹಾಡು ಕ್ರಿಮಿಯನ್ನು ಕೊಲ್ಲುತ್ತದೆಂದು ಅವರಲ್ಲಿ ಯಾರೂ ಹೇಳುವದಿಲ್ಲ.

ಆದಕಾರಣ ನಮ್ಮ ಮನೆಗಳಲ್ಲಿ ಕ್ರಮವು ಹಿಂದುಮುಂದಾಗದಿರಲಿ. ಮಗುವಿಗೆ ಜ್ವರ ಬಂದು ಕುತ್ತಿಗೆ ಸೆಟೆದುಕೊಂಡರೆ, ಅಥವಾ ಎಚ್ಚರ ತಪ್ಪುತ್ತಾ ಬಂದರೆ, ಹಾಡಲಿಕ್ಕೂ ಕೂಡಿ ಪ್ರಾರ್ಥಿಸಲಿಕ್ಕೂ ತಡಮಾಡದೆ ಆಸ್ಪತ್ರೆಗೆ ಓಡಿರಿ, ದಾರಿಯಲ್ಲಿ ಪ್ರಾರ್ಥಿಸಿರಿ. ಆ ರೋಗದಲ್ಲಿ ಒಂದೊಂದು ತಾಸಿಗೂ ಬೆಲೆಯುಂಟು. ಅದನ್ನು ಉಂಟುಮಾಡುವ ಕ್ರಿಮಿಗಳಲ್ಲಿ ಕೆಲವನ್ನು ತಡೆಯುವ ಲಸಿಕೆಗಳನ್ನು ಸರಕಾರದವರು ಹಣವಿಲ್ಲದೆ ಕೂಸುಗಳಿಗೆ ಹಾಕುತ್ತಾರೆ, ಅವುಗಳನ್ನು ತಪ್ಪಿಸಬೇಡಿರಿ. ಔಷಧವನ್ನು ಕೊಳ್ಳಬೇಕಾದ ಹಣದಿಂದ ಹಾಡುವವರನ್ನು ಕರಿಸುವವನು ಮಗುವಿಗೆ ಅನ್ಯಾಯ ಮಾಡುತ್ತಾನೆ. ಸಂಗೀತವು ಔಷಧದ ಸ್ಥಳದಲ್ಲಿ ಬರತಕ್ಕದ್ದಲ್ಲ. ಔಷಧವನ್ನು ತಾಳಿಕೊಳ್ಳುವವನ ಬಳಿಯಲ್ಲಿ ಬರತಕ್ಕದ್ದು.

ಇಲ್ಲಿ ಒಬ್ಬನು ಕೇಳಬಹುದು: “ರೋಗವನ್ನು ವಾಸಿಮಾಡದ ಹಾಡಿನಿಂದ ಮಗುವನ್ನು ಸುಮ್ಮನಿರಿಸುವದು ಒಂದು ವಿಧದ ಮೋಸವಲ್ಲವೋ? ಮರಣವು ಬಾಗಿಲಲ್ಲಿ ನಿಂತಿರುವಾಗ ಎಲ್ಲಾ ಕ್ಷೇಮವೆಂದು ತೋರಿಸುವದು ಸುಳ್ಳಲ್ಲವೋ?” ಈ ಮಾತನ್ನು ತಳ್ಳಿಬಿಡಲಾಗದು. ನಾಳೆ ನೀನು ಎದ್ದು ಆಡುತ್ತೀ ಎಂದು, ತಾನೇ ನಂಬದೆ ಮಗುವಿಗೆ ಹೇಳುವವನು ಸುಳ್ಳಾಡುತ್ತಾನೆ. ಅದನ್ನು ರಾಗವಾಗಿ ಹೇಳಿದರೂ ಸುಳ್ಳೇ. ಮಕ್ಕಳು ನಾವು ಎಣಿಸುವದಕ್ಕಿಂತ ಹೆಚ್ಚಾಗಿ ತಿಳಿದುಕೊಳ್ಳುತ್ತಾರೆ. ನಮ್ಮ ಬಾಯಿಯ ಮಾತಿಗಿಂತ ನಮ್ಮ ಮುಖವನ್ನು ಓದುತ್ತಾರೆ. ಆದರೆ ಜೋಗುಳವು ಏನು ಹೇಳುತ್ತದೆ? ನಾನು ಇಲ್ಲಿದ್ದೇನೆ, ನೀನು ನಿದ್ರೆಮಾಡಿದರೂ ನಾನು ಹೋಗುವದಿಲ್ಲ ಎಂಬದಕ್ಕಿಂತ ಹೆಚ್ಚೇನೂ ಅದು ಹೇಳುವದಿಲ್ಲ. ಇದು ಸುಳ್ಳಲ್ಲ. ಹಾಡುವವಳು ನಿಜವಾಗಿ ಅಲ್ಲಿ ಇದ್ದಾಳೆ. ಹಾಡು ಮುಗಿದ ಕೂಡಲೆ ಎದ್ದು ಬಸ್ಸಿಗೆ ಓಡುವವರ ಬಾಯಲ್ಲಿ ಮಾತ್ರ ಅದು ಸುಳ್ಳಾಗುತ್ತದೆ; ನಮ್ಮ ಬಾಯಲ್ಲಿ ಹಾಗಾದೀತೆಂಬ ಭಯ ನನಗುಂಟು.

ಎರಡನೇ ಪ್ರಶ್ನೆಯು ನಮ್ಮ ಹಿರಿಯರದು. ಲೋಕದ ಹಾಡಿಗೆ ಎಡೆಕೊಡಬಹುದೋ? ಅವರ ಭಯವನ್ನು ನಾನು ಹಗುರವಾಗಿ ಎಣಿಸುವದಿಲ್ಲ. ಅವರ ತಂದೆಯು ಹಳೇ ದೇವತೆಗಳನ್ನು ಬಿಟ್ಟದ್ದಕ್ಕಾಗಿ ಹೊಲವನ್ನೂ ಬಂಧುಗಳನ್ನೂ ಕಳಕೊಂಡವರು. ಅಷ್ಟು ಬೆಲೆಗೆ ಕೊಂಡದ್ದನ್ನು ಮಕ್ಕಳು ಸುಮ್ಮನೆ ಬಿಟ್ಟುಬಿಡಬಾರದೆಂಬದು ಅವರ ಚಿಂತೆ. ಆದರೆ ನಾವು ಶುಭ ಶುಕ್ರವಾರದಲ್ಲಿ ಕಣ್ಣೀರಿನಿಂದ ಹಾಡುವ ಒಂದು ರಾಗದ ಮೂಲವನ್ನು ಕೇಳಿರಿ. ಕರ್ತನ ಗಾಯಪಟ್ಟ ತಲೆಯ ವಿಷಯವಾಗಿ ಪೌಲ್ ಗೆರ್ಹಾರ್ಟನು ಬರೆದ ಗೀತೆಗೆ ಲೋಕವೆಲ್ಲಾ ಹಾಡುವ ಆ ರಾಗವು ಹಾನ್ಸ್ ಲಿಯೋ ಹಾಸ್ಲರನೆಂಬ ಜರ್ಮನ್ ಗಾಯಕನದು. 1601ರಲ್ಲಿ ಅವನು ಅದನ್ನು ಒಂದು ಪ್ರೇಮದ ಹಾಡಿಗೆ ಕಟ್ಟಿದನು. ಅರ್ಧ ಶತಮಾನದ ಬಳಿಕ ಅದು ಶಿಲುಬೆಯ ಬುಡಕ್ಕೆ ಬಂತು. ರಾಗಕ್ಕೆ ದೀಕ್ಷಾಸ್ನಾನವಿಲ್ಲ, ಅದನ್ನು ಯಾರು, ಯಾರಿಗೆ, ಯಾವ ಮನಸ್ಸಿನಿಂದ ಹಾಡುತ್ತಾರೆಂಬದನ್ನು ನೋಡಬೇಕು. ದೇವಶಾಸ್ತ್ರದ ತರುವಾಯ ಸಂಗೀತಕ್ಕೇ ಸ್ಥಾನ ಕೊಟ್ಟ ಮಾರ್ಟಿನ್ ಲೂಥರನು ಅದನ್ನು ದೇವರ ವರವೆಂದು ಎಣಿಸಿದನು.

ಮಾತುಗಳ ವಿಷಯ ಬೇರೆ. ನಮ್ಮ ವಿಶ್ವಾಸಕ್ಕೆ ವಿರೋಧವಾದ ಮಾತುಗಳಿರುವ ಹಾಡನ್ನು ನಮ್ಮ ತಾಯಂದಿರು ಹಾಡಬೇಕೆಂದು ನಾನು ಹೇಳುವದಿಲ್ಲ. ಅವರು ಸ್ವರವನ್ನು ಇಟ್ಟುಕೊಂಡು ಮಾತನ್ನು ಬಿಡಬಹುದು. ಆ ಮಗುವಿಗೆ ನಮ್ಮ ಸಂಗೀತವೇ ಮನೆಯ ಹಾಡಾಗಿದ್ದರೆ, ರಾತ್ರಿಯ ಪ್ರಾರ್ಥನೆಯಲ್ಲಿ ತಾಯಿಯು ಅದನ್ನೇ ಹಾಡಿ ಮಲಗಿಸಿದ್ದರೆ, ಅದಕ್ಕಿಂತ ಉತ್ತಮವಾದದ್ದು ಯಾವದು? ಅಂಥ ಮನೆಗಳು ಹೆಚ್ಚಲೆಂದು ಪ್ರಾರ್ಥಿಸುತ್ತೇನೆ. ಆದರೆ ಮಗುವು ಆರೋಗ್ಯವಾಗಿದ್ದಾಗ ನಾವು ಕಲಿಸದೆ ಇದ್ದದ್ದನ್ನು ಅದು ಸಂಕಟದಲ್ಲಿರುವಾಗ ಕಲಿಸಲಿಕ್ಕೆ ಹೋಗಬಾರದು. ಮುಳುಗುವವನಿಗೆ ಕೈಕೊಡಬೇಕೇ ಹೊರತು ಈಜುವ ಪಾಠ ಹೇಳಕೂಡದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವ ಮಾತಿಗೆ ಬರುತ್ತೇನೆ. ಆಸ್ಪತ್ರೆಯಲ್ಲಿ ಮಲಗಿದ ಮಗುವಿನ ಸ್ಥಿತಿಯನ್ನು ಯೋಚಿಸಿರಿ. ಅದು ಸೂಜಿಯನ್ನು ಬೇಡವೆಂದರೆ ನಾವು ಕೇಳುವದಿಲ್ಲ, ಕೇಳಲೂಬಾರದು. ಕಹಿಯಾದ ಔಷಧವನ್ನು ಉಗುಳಿದರೆ ತಿರಿಗಿ ಕುಡಿಸುತ್ತೇವೆ. ಮನೆಗೆ ಹೋಗುತ್ತೇನೆಂದು ಅತ್ತರೆ ಬಾಗಿಲು ತೆರೆಯುವದಿಲ್ಲ. ಅದರ ಒಳಿತಿಗಾಗಿಯೇ ಅದರ ಎಲ್ಲಾ ಬೇಡಗಳನ್ನು ನಾವು ಮುರಿಯುತ್ತೇವೆ. ಹೀಗಿರುವಲ್ಲಿ ಹಾಡೊಂದನ್ನು ಮಾತ್ರ ಅದು ಬೇಡವೆನ್ನಬಹುದು. ಬೇಡವೆಂದರೆ ಅದರ ಪ್ರಾಣಕ್ಕೆ ಹಾನಿಯಿಲ್ಲ. ಆದಕಾರಣ ಹಾಡುವ ಮೊದಲು ಅದನ್ನು ಕೇಳಬೇಕು. “ಹಾಡಲೋ, ಮಗೂ? ಯಾವದನ್ನು ಹಾಡಲಿ?” ಎಂದು ಕೇಳಿ ಕಾಯಬೇಕು. ಮಾತಾಡಲಾರದ ಮಗುವಾದರೆ ಅದರ ಹುಬ್ಬನ್ನೂ ಕೈಯನ್ನೂ ಉಸಿರನ್ನೂ ನೋಡಬೇಕು. ಮುಖ ತಿರುಗಿಸಿದರೆ ನಿಲ್ಲಿಸಬೇಕು. ನಿಲ್ಲಿಸಿ ಸಿಟ್ಟಾಗದೆ ಅಲ್ಲಿಯೇ ಕುಳಿತಿರಬೇಕು. ಹೀಗೆ ಮಾಡಿದಲ್ಲಿ ಆ ಮಗುವಿಗೆ ಹಾಡಿಗಿಂತ ದೊಡ್ಡದಾದ ಒಂದು ಸಂಗತಿ ದೊರೆಯುತ್ತದೆ. ಅದೇನಂದರೆ, ತಾನು ಇನ್ನೂ ಒಬ್ಬ ಮನುಷ್ಯನು, ತನ್ನ ಮಾತಿಗೆ ಇನ್ನೂ ಬೆಲೆಯುಂಟು ಎಂಬ ತಿಳುವಳಿಕೆ. ನಮ್ಮ ಕರ್ತನು ಕುರುಡನಾದ ಬಾರ್ತಿಮಾಯನನ್ನು ಕಂಡಾಗ ಅವನಿಗೆ ಏನು ಬೇಕೆಂಬದು ಆತನಿಗೆ ತಿಳಿಯದೆ ಇತ್ತೋ? ಆದರೂ ಕೇಳಿದನು. ನಾವಾದರೋ ಆ ಹುಡುಗನನ್ನು ಕೇಳಲಿಲ್ಲ.

ಮಗುವು ಉಳಿಯುವದಿಲ್ಲವೆಂದು ಗೊತ್ತಾದ ಮೇಲೆ ಏನು ಮಾಡಬೇಕು? ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಟ್ಟಣದಲ್ಲಿ 1982ರಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿನಿಯು, ವಾಸಿಯಾಗದ ರೋಗವುಳ್ಳ ಮಕ್ಕಳಿಗೂ ಅವರ ಮನೆಯವರಿಗೂ ವಿಶ್ರಾಂತಿಯ ಸ್ಥಳವಾಗಿ ಹೆಲೆನ್ ಹೌಸ್ ಎಂಬ ಮನೆಯನ್ನು ತೆರೆದಳು. ಮಕ್ಕಳಿಗಾಗಿಯೇ ಏರ್ಪಟ್ಟ ಅಂಥ ಮನೆಗಳಲ್ಲಿ ಅದೇ ಲೋಕದಲ್ಲಿ ಮೊದಲನೆಯದು. ವಾಸಿಮಾಡಲಾರೆವೆಂದ ಮೇಲೆಯೂ ಮಾಡತಕ್ಕ ಕೆಲಸ ಬಹಳವಿದೆ ಎಂಬದಕ್ಕೆ ಆ ಮನೆಯು ಸಾಕ್ಷಿಯಾಯಿತು. ಕೆನಡಾದ ವ್ಯಾಂಕೂವರ್ ಪಟ್ಟಣದವರು, ಮರಣ ಸಮೀಪಿಸಿ ಮಾತಿಗೆ ಓಗೊಡದೆ ಮಲಗಿದ್ದ ದೊಡ್ಡವರ ಮಿದುಳನ್ನು ಯಂತ್ರದಿಂದ ಪರೀಕ್ಷಿಸಿ, ಅವರಲ್ಲಿ ಕೆಲವರ ಮಿದುಳು ಆ ಕಡೇ ತಾಸುಗಳಲ್ಲಿಯೂ ಸ್ವರಗಳ ಭೇದಕ್ಕೆ ಉತ್ತರ ಕೊಡುತ್ತಿತ್ತೆಂದು 2020ರಲ್ಲಿ ತಿಳಿಸಿದರು. ಆದಕಾರಣ ಮಗುವಿಗೆ ಎಚ್ಚರವಿಲ್ಲವೆಂದು ಅದರ ಮಂಚದ ಬಳಿಯಲ್ಲಿ ಖರ್ಚಿನ ಮಾತನ್ನೂ ಹೆಣವನ್ನು ಒಯ್ಯುವ ಮಾತನ್ನೂ ಆಡಬೇಡಿರಿ. ತಾಯಿಯು ಮೆಲ್ಲಗೆ ಹಾಡುವದಾದರೆ ಹಾಡಲಿ. ಅದು ಕೇಳಿಸಲೂಬಹುದು.

ಆದರೆ ಹಾಡಲಾರದ ತಾಯಿಯನ್ನು ಒತ್ತಾಯ ಮಾಡಬೇಡಿರಿ. ಸೌಲನ ಮುಂದೆ ಕಿನ್ನರಿ ಬಾರಿಸಿದ ಅದೇ ದಾವೀದನು ತನ್ನ ಸ್ವಂತ ಕೂಸು ಏಳು ದಿವಸ ರೋಗದಲ್ಲಿ ಬಿದ್ದಿದ್ದಾಗ ಕಿನ್ನರಿಯನ್ನು ಮುಟ್ಟಿದನೆಂದು ಶಾಸ್ತ್ರವು ಹೇಳುವದಿಲ್ಲ. ಅವನು ಉಪವಾಸವಿದ್ದು ನೆಲದ ಮೇಲೆ ಬಿದ್ದಿದ್ದನು. ಪರರ ದುಃಖದಲ್ಲಿ ಹಾಡಬಲ್ಲವನು ತನ್ನ ದುಃಖದಲ್ಲಿ ಮೌನವಾಗಿರಬಹುದು, ಅದು ಅವಿಶ್ವಾಸವಲ್ಲ. ದಾವೀದನು ಅಷ್ಟು ಬೇಡಿಕೊಂಡರೂ ಕೂಸು ಸತ್ತುಹೋಯಿತು. ಆದದರಿಂದ, ನೀವು ಇನ್ನೂ ವಿಶ್ವಾಸದಿಂದ ಹಾಡಿದ್ದರೆ, ಇನ್ನೂ ಬಲವಾಗಿ ಪ್ರಾರ್ಥಿಸಿದ್ದರೆ ನಿಮ್ಮ ಮಗುವು ಉಳಿಯುತ್ತಿತ್ತೆಂದು ಯಾರಾದರೂ ನಿಮಗೆ ಹೇಳಿದರೆ, ಆ ಮಾತನ್ನು ನಂಬಬೇಡಿರಿ. ಅದು ಯೋಬನ ಸ್ನೇಹಿತರ ಮಾತು. ಆ ಮಾತಿಗೆ ದೇವರು ಮೆಚ್ಚಲಿಲ್ಲ.

ಹಾಗಾದರೆ ಇನ್ನು ಮೇಲೆ ನಾವು ಆಸ್ಪತ್ರೆಗೆ ಹೋಗುವದು ಹೇಗೆ? ಇಬ್ಬರು ಹೋದರೆ ಸಾಕು. ಮೊದಲು ದಾದಿಯನ್ನು ಕೇಳೋಣ. ಆ ರೋಗದಲ್ಲಿ ಯಾವದು ಹಿತ, ಯಾವದು ಅಹಿತವೆಂಬದನ್ನು ಆಕೆ ಬಲ್ಲಳು. ಪಕ್ಕದ ಮಂಚದಲ್ಲಿರುವ ಮಗುವೂ ದೇವರ ಮಗುವೇ, ಅದಕ್ಕೂ ನಿದ್ರೆ ಬೇಕೆಂಬದನ್ನು ನೆನಸೋಣ. ತಾಳ ದಮ್ಮಡಿಗಳು ಮನೆಯಲ್ಲಿಯೇ ಇರಲಿ. ಸಾಧ್ಯವಾದ ಮಟ್ಟಿಗೆ ನಾವು ಹಾಡದೆ, ರಾತ್ರಿಯೆಲ್ಲಾ ಎಚ್ಚರವಿದ್ದ ತಾಯಿಗೆ ಒಂದು ಲೋಟ ಗಂಜಿಯನ್ನು ಕೊಟ್ಟು, ಆಕೆಯು ಹಾಡುವಷ್ಟು ಬಲ ಹೊಂದುವ ಹಾಗೆ ಮಾಡೋಣ. ನಮ್ಮ ಸಂಗೀತವನ್ನು ಭಾನುವಾರ ಪ್ರಾರ್ಥನಾಲಯದಲ್ಲಿ ಬೇಕಾದಷ್ಟು ಗಟ್ಟಿಯಾಗಿ ಹಾಡಬಹುದು.

ಆ ಹುಡುಗನು ಏನಾದನೆಂದು ನೀವು ಕೇಳುವಿರಿ. ದೇವರ ದಯೆಯಿಂದಲೂ ಔಷಧದ ಬಲದಿಂದಲೂ ಅವ
ನು ಬದುಕಿದನು. ಆದರೆ ಆ ರೋಗವು ಅನೇಕ ಮಕ್ಕಳಿಗೆ ಮಾಡುವಂತೆ ಅವನ ಕಿವಿಗಳನ್ನು ಕೆಡಿಸಿತು. ಅವನಿಗೆ ಈಗ ಏನೂ ಕೇಳಿಸುವದಿಲ್ಲ. ಕೆಲವು ತಿಂಗಳಾದ ಮೇಲೆ ನಾನೂ ಆ ಹಿರಿಯರೂ ಅವನ ಮನೆಗೆ ಹೋದೆವು. ಅಜ್ಜಿಯು ಜಗಲಿಯ ಮೇಲೆ ಕುಳಿತು ಅದೇ ಜೋಗುಳವನ್ನು ಗುನುಗುತ್ತಿದ್ದಳು. ಹುಡುಗನು ಆಕೆಯ ಮಗ್ಗುಲಲ್ಲಿ ಒರಗಿ, ತನ್ನ ಅಂಗೈಯನ್ನು ಆಕೆಯ ಗಂಟಲಿನ ಮೇಲೆ ಇಟ್ಟುಕೊಂಡು, ಸ್ವರವು ನಡುಗುವದನ್ನು ಕೈಯಿಂದ ಕೇಳುತ್ತಿದ್ದನು. ನಾವು ಬಹಳ ಹೊತ್ತು ಮಾತಾಡಲಿಲ್ಲ. ಆ ಮೇಲೆ ಹುಡುಗನು ಎದ್ದುಬಂದು ನಮ್ಮ ಹಿರಿಯರ ಮುಂದೆ ನಿಂತು, ಅವರ ಗಂಟಲಿನ ಮೇಲೆಯೂ ಹಾಗೆಯೇ ಕೈಯಿಟ್ಟು, ಅವರ ಮುಖವನ್ನು ನೋಡಿದನು. ಅವರು ನನ್ನ ಕಡೆಗೆ ನೋಡಿದರು, ಅಜ್ಜಿಯ ಕಡೆಗೆ ನೋಡಿದರು, ಗಂಟಲು ಸರಿಮಾಡಿಕೊಂಡರು. ಆ ದಿವಸ ಆಸ್ಪತ್ರೆಯಲ್ಲಿ ನಾವು ನಿಲ್ಲಿಸಿದ್ದ ಸಂಗೀತವನ್ನೇ ಮೊದಲಿನಿಂದ ಆರಂಭಿಸಿ, ಮೆಲ್ಲಗೆ, ಎಲ್ಲಾ ಚರಣಗಳನ್ನೂ ಹಾಡಿದರು. ಈ ಸಾರಿ ಹುಡುಗನು ತಾನೇ ಕೇಳಿಕೊಂಡಿದ್ದನು.